ಕೊಳ ಕಟ್ಟಿದವನ ಕೋಪ

ಎಲ್ಲ ತಂಟೆಗೂ ಮೂಲ ನಾಲ್ಕನೆಯ ದಿನ ಹುಟ್ಟಿದ ಸೂರ್ಯ.

ಮೂರು ತಿಂಗಳ ಹಿಂದೆ ಒಂದು ಬುಧವಾರ ಕ್ರೈಸ್ತ ಸಭೆಯ ವೇದಪಾಠದಲ್ಲಿ ದೇವರು ಆರು ದಿನಗಳಲ್ಲಿ ಲೋಕವನ್ನು ಉಂಟುಮಾಡಿದ ಸಂಗತಿ ನಡೆಯುತ್ತಿತ್ತು. ಗಾರೆಯವನು ಹಿಂದಿನ ಬೆಂಚಿನಿಂದ ಎದ್ದು ಕೇಳಿದ: "ಸೂರ್ಯ ಆಗಿದ್ದು ನಾಲ್ಕನೇ ದಿನ ಅಂತೀರಿ. ಹಾಗಾದ್ರೆ ಮೊದಲಿನ ಮೂರು ದಿನ ಎಷ್ಟೆಷ್ಟು ಹೊತ್ತಿನ ದಿನ?"

ಜಗಳ ತೆಗೆಯಬೇಕೆಂದು ಕೇಳಿದ್ದಲ್ಲ. ಇಡೀ ಬದುಕು ಬೆಳಿಗ್ಗೆಯಿಂದ ಸಂಜೆಯವರೆಗೆ ದುಡಿದವನಿಗೆ ದಿನ ಅಂದರೆ ಎಷ್ಟು ಎಂದು ತಿಳಿಯುವ ಆಸೆ. ಆದರೆ ಸಭೆಯ ಹಿರಿಯನಾದ ಬೇಕರಿಯವನು ಕನ್ನಡಕದ ಮೇಲಿಂದ ನೋಡಿ, "ಇಟ್ಟಿಗೆ ಎಣಿಸೋನಿಗೆ ಅದೆಲ್ಲ ಯಾಕಪ್ಪ?" ಎಂದ. ಮುಂದಿನದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನಡೆದುಹೋಯಿತು. ಬೇಕರಿಯವನ ಅಂಗಿಯ ಎರಡು ಗುಂಡಿ ಗಾರೆಯವನ ಮುಷ್ಟಿಯಲ್ಲಿದ್ದವು. ಬೇಕರಿಯವನು ಬೆಂಚಿನ ಕೆಳಗಿದ್ದ.

ಆ ಸಭೆಗೊಂದು ಹಳೆಯ ನಿಯಮವಿತ್ತು. ದೇವಾಲಯದೊಳಗೆ ಯಾರ ಮೇಲಾದರೂ ಕೈ ಮಾಡಿದವರು ಮೂರು ತಿಂಗಳು, ರೊಟ್ಟಿ ಮತ್ತು ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಮೇಜಿಗೆ ಬರಬಾರದು. ಆಮೇಲೂ, ಕೋಪ ಇಳಿದಿದೆಯೆಂದು ಸಭಾಪಾಲಕರಿಗೆ ಅನಿಸಿದರೆ ಮಾತ್ರ ಬರಬೇಕು.

ಗಾರೆಯವನಿಗೆ ತನ್ನ ಪಾಡು ದೊಡ್ಡದಾಗಿ ಕಾಣಲಿಲ್ಲ. ಕಂಡದ್ದು ತಾಯಿಯ ಪಾಡು. ಅವಳಿಗೆ ಎಂಬತ್ತೊಂದು ವರ್ಷ, ಕೈ ನಡುಗುತ್ತಿತ್ತು. ದ್ರಾಕ್ಷಾರಸದ ಬಟ್ಟಲನ್ನು ಅವಳ ತುಟಿಗೆ ಹಿಡಿಯುತ್ತಿದ್ದುದು ಮಗ. ಅವನು ಹೊರಗಾದ ಮೇಲೆ ಅಕ್ಕಪಕ್ಕದ ಹೆಂಗಸರು ಹಿಡಿಯಲು ಬಂದರು. ಅವಳು ತಲೆಯಾಡಿಸಿ, "ನನ್ನ ಮಗ ಬರಲಿ" ಎಂದು ಬಟ್ಟಲನ್ನು ಆಚೆ ದಾಟಿಸಿಬಿಟ್ಟಳು. ಹೀಗೆ ಮೂರು ತಿಂಗಳು ಅವಳ ನಾಲಿಗೆಗೆ ಒಂದು ತೊಟ್ಟೂ ಸೋಕಿರಲಿಲ್ಲ. ಎಂಬತ್ತೊಂದು ವರ್ಷದವಳಿಗೆ ಇನ್ನೆಷ್ಟು ತಿಂಗಳು ಉಳಿದಿವೆ ಎಂಬ ಲೆಕ್ಕ ಅವನನ್ನು ರಾತ್ರಿ ಹಗಲು ಕೊರೆಯುತ್ತಿತ್ತು.

ಈಗ ಶನಿವಾರ. ನಾಳೆ ಭಾನುವಾರ, ಕರ್ತನ ಭೋಜನ. ಗಾರೆಯವನು ದೇವಾಲಯದ ಮೂಲೆಯಲ್ಲಿ ದೀಕ್ಷಾಸ್ನಾನದ ಕೊಳಕ್ಕೆ ಕೊನೆಯ ಕೆಲಸ ಮಾಡುತ್ತಿದ್ದ. ಆ ಕೊಳದ್ದೂ ಒಂದು ಕತೆ. ಸಭೆಯಲ್ಲಿ ಅರ್ಧ ಜನ, ದೊಡ್ಡವರಾಗಿ ನಂಬಿದ ಮೇಲೆ ಪೂರ್ತಿ ಮುಳುಗಿ ಏಳಬೇಕು ಎನ್ನುವವರು. ಇವರ ಮುಂದಾಳು ಬೇಕರಿಯವನು. ಇನ್ನರ್ಧ, ತೊಟ್ಟಿಲ ಕೂಸಿನ ಹಣೆಗೆ ನೀರು ಚಿಮುಕಿಸಿದರೂ ದೇವರಿಗೆ ಸಾಕು ಎನ್ನುವವರು. ಇವರ ಮುಂದಾಳು ಗಣಿತ ಹೇಳಿಕೊಟ್ಟು ನಿವೃತ್ತಳಾದ ಟೀಚರಮ್ಮ. ಕೈಯೆತ್ತಿ ಎಣಿಸಿದಾಗ ನಾಲ್ಕು ಕೈ ಹೆಚ್ಚಾಗಿ ಕೊಳ ಗೆದ್ದಿತ್ತು.

ಬೆಳಿಗ್ಗೆಯೇ ಸಭಾಪಾಲಕರು ಬಂದು ಗಾರೆಯವನ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ಮೂರು ತಿಂಗಳು ಈ ವಾರಕ್ಕೆ ಮುಗೀತು. ಅವರಿಬ್ಬರೂ ಕೆಲಸ ನೋಡೋಕೆ ಬರ್ತಾರೆ. ಸಂಜೆವರೆಗೆ ಯಾರ ಮೇಲೂ ಸಿಟ್ಟು ಮಾಡ್ದೆ ಕೆಲಸ ಮುಗಿಸು. ನಾಳೆ ನಿನ್ನ ತಾಯಿ ಪಕ್ಕ ಕೂತ್ಕೋ."

"ಅಷ್ಟೇನಾ, ಅಯ್ಯನವರೇ?"

"ಅಷ್ಟೇ," ಎಂದರು ಸಭಾಪಾಲಕರು. ಹೇಳುವಾಗ ಅವರ ದನಿಯಲ್ಲೇ ನಂಬಿಕೆ ಇರಲಿಲ್ಲ.

ತಾಯಿ ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಊರುಗೋಲನ್ನು ತೊಡೆಯ ಮೇಲಿಟ್ಟು ಕೂತಿದ್ದಳು. ಅವಳ ಬಾಯಲ್ಲಿ ಗಟ್ಟಿ ಮಾತು ಕೇಳಿದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. "ಏನಂದ್ರೂ ನುಂಗಿಕೋ ಕಂದ," ಎಂದಳು. "ಒಂದು ದಿನ ತಾನೆ."

ಒಂಬತ್ತಕ್ಕೆ ಬೇಕರಿಯವನು ಬಂದ. ಕಿವಿಯ ಮಡಿಕೆಯಲ್ಲಿ ಮೈದಾಹಿಟ್ಟು, ಕಂಕುಳಲ್ಲಿ ವೇದಪುಸ್ತಕ. ಕೊಳದ ಅಂಚಿನಲ್ಲಿ ನಿಂತು ಬಗ್ಗಿ ನೋಡಿದ.

"ಇದು ಸಾಲದು. ಮುಳುಗೋದು ಅಂದ್ರೆ ಹೂಳೋದಕ್ಕೆ ಸಮ. ಯಾರನ್ನಾದರೂ ಮೂಗು ಹೊರಗೆ ಬಿಟ್ಟು ಹೂಳ್ತಾರಾ? ಇನ್ನೊಂದು ವರಸೆ ಇಟ್ಟಿಗೆ ಏರಿಸು."

"ನಿನ್ನೆ ನೀವೇ ಅಳತೆ ಕೊಟ್ಟಿದ್ದು, ಅಣ್ಣ."

"ನಿನ್ನೆ ರಾತ್ರಿ ಮತ್ತೆ ಓದಿದೆ."

'ಅಣ್ಣ' ಎಂಬ ಮಾತು ಗಾರೆಯವನ ಗಂಟಲಿನಿಂದ ಮೊಳೆ ಕಿತ್ತ ಹಾಗೆ ಹೊರಬಂದಿತ್ತು. ಅವನು ಅಂಚಿಗೆ ಕೂರಿಸಿದ್ದ ಟೈಲ್ಸನ್ನು ಉಳಿಯಿಂದ ಎಬ್ಬಿಸಿ, ಹೊಸ ವರಸೆ ಕಟ್ಟಿದ. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲನ್ನು ಬಾಯಿಗಿಟ್ಟು ಕಚ್ಚಿದ. ಅದು ಎರಡು ತುಂಡಾಯಿತು.

ಹತ್ತೂವರೆಗೆ ಟೀಚರಮ್ಮ ನೋಟ್‌ಬುಕ್ಕು ಹಿಡಿದು ಬಂದಳು. ಇಪ್ಪತ್ತು ವರ್ಷ ಓದಿ ಬರೆದಿಟ್ಟ ಟಿಪ್ಪಣಿಗಳು ಅದರಲ್ಲಿದ್ದವು.

"ವೇದದಲ್ಲಿ ಬರೋ ಆ ಸೆರೆಮನೆ ಕಾವಲುಗಾರ ಮನೆಮಂದಿ ಸಮೇತ ಒಂದೇ ರಾತ್ರಿ ದೀಕ್ಷಾಸ್ನಾನ ತಗೊಂಡನಲ್ಲ," ಎಂದು ಬೇಕರಿಯವನನ್ನು ಕೇಳಿದಳು. "ಅವನ ಮನೇಲಿ ಕೊಳ ಇತ್ತಾ? ಮನೆಮಂದಿ ಅಂದ್ಮೇಲೆ ಕೂಸುಗಳೂ ಇದ್ದಿರಬೇಕು."

"ಕೂಸಿತ್ತು ಅಂತ ಎಲ್ಲಿ ಬರೆದಿದೆ?"

"ಇರ್ಲಿಲ್ಲ ಅಂತ ಎಲ್ಲಿ ಬರೆದಿದೆ?"

"ಕೂಸು ನಂಬೋದು ಹೇಗೆ, ಟೀಚರಮ್ಮ? ಅದಕ್ಕೆ ಹಾಲು ಯಾವುದು ನೀರು ಯಾವುದು ಗೊತ್ತಿಲ್ಲ."

"ನಾವು ದೇವರನ್ನ ಹಿಡಿಯೋ ಮೊದಲೇ ದೇವರು ನಮ್ಮನ್ನ ಹಿಡೀತಾನೆ. ಅದನ್ನೇ ಕೃಪೆ ಅನ್ನೋದು."

ಎರಡು ಸಾವಿರ ವರ್ಷಗಳ ಹಿಂದಿನ ಒಬ್ಬ ಕಾವಲುಗಾರನ ಸಂಸಾರದಲ್ಲಿ ಎಷ್ಟು ಮಕ್ಕಳೆಂದು ಎಣಿಸುತ್ತ ಇಬ್ಬರೂ ಮೆಟ್ಟಿಲಿಗೆ ಅಡ್ಡ ನಿಂತರು. ಗಾರೆಯವನು ಕಲಸಿದ ಸಿಮೆಂಟಿನ ಬಾಣಲಿ ಹೊತ್ತು ಅವರ ಹಿಂದೆ ನಿಂತ. "ಸ್ವಲ್ಪ ದಾರಿ ಬಿಡ್ತೀರಾ?" ಎಂದು ಮೂರು ಸಲ ಕೇಳಿದ. ಮೂರು ಸಲವೂ ಬೇಕರಿಯವನು ಹಿಂತಿರುಗದೆಯೇ, ಒಂದು ನಿಮಿಷ ಎಂಬಂತೆ ಬೆರಳೆತ್ತಿ ತೋರಿಸಿದ. ಸಿಮೆಂಟಿಗೆ ಯಾವ ಪಕ್ಷವೂ ಇಲ್ಲ. ಹೊತ್ತು ಮೀರಿದರೆ ಅದು ಕಲ್ಲಾಗುತ್ತದೆ. ಇವರು ಸರಿದಾಗ ಬಾಣಲಿಯಲ್ಲಿದ್ದದ್ದನ್ನು ಸುತ್ತಿಗೆಯಿಂದ ಒಡೆದು ತೆಗೆಯಬೇಕಾಯಿತು. ಗಾರೆಯವನು ಒಡೆದ. ಸುತ್ತಿಗೆಯ ಪ್ರತಿ ಏಟಿಗೂ ಯಾರದೋ ಮುಖ ನೆನೆದುಕೊಂಡ. ತಾಯಿಯ ಕಡೆ ನೋಡಿದ. ಅವಳು ಕಣ್ಣಲ್ಲೇ ಸಮಾಧಾನ ಹೇಳಿದಳು, ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು.

ಮಧ್ಯಾಹ್ನದ ಹೊತ್ತಿಗೆ ಬೇಕರಿಯವನಿಗೆ ಇನ್ನೊಂದು ಬೆಳಕು ಮೂಡಿತು. ಇಳಿಯುವುದು ಸಾವಿನ ಗುರುತು, ಏರುವುದು ಹೊಸ ಜೀವದ ಗುರುತು. ಹಾಗಿರುವಾಗ ಇಳಿದ ಮೆಟ್ಟಿಲಲ್ಲೇ ಏರಿದರೆ ಹಳೆಯ ಬಾಳಿಗೆ ವಾಪಸು ಹೋದಂತಾಗುವುದಿಲ್ಲವೇ? ಆಚೆ ಬದಿಗೂ ಮೆಟ್ಟಿಲು ಬೇಕು. ಟೀಚರಮ್ಮ ಕೂಡಲೇ, ಎರಡು ಕಡೆ ಮೆಟ್ಟಿಲು ಬರುವುದಾದರೆ ಮೇಲೆ ಮುಚ್ಚಲು ಒಂದು ಚಪ್ಪಡಿಯೂ ಬರಬೇಕು, ಕೂಸುಗಳ ದೀಕ್ಷಾಸ್ನಾನದ ದಿನ ಅದರ ಮೇಲೆ ತಮ್ಮ ನೀರಿನ ಬಟ್ಟಲು ಇಡಬೇಕು ಎಂದಳು. ಗಾರೆಯವನು ಆಚೆ ಬದಿಗೆ ಮೆಟ್ಟಿಲು ಕಟ್ಟಿದ. ಚಪ್ಪಡಿ ಕೂರಲು ಅಂಚಿನಲ್ಲಿ ಕಚ್ಚು ಕೊರೆದ. ಎರಡನೆಯ ಪೆನ್ಸಿಲು ಹೋಯಿತು. ಅವನ ಕುತ್ತಿಗೆಯ ನರ ಗೋಡೆಯ ಮಟ್ಟಕ್ಕೆ ಎಳೆದು ಕಟ್ಟುವ ದಾರದಂತೆ ಬಿಗಿದು ನಿಂತಿತ್ತು.

ಮೂರು ಗಂಟೆಗೆ ಅಳತೆ ನೋಡುವ ಹುಕಿ ಬಂತು.

"ನೀನೇ ಇಳಿದು ನಿಲ್ಲಪ್ಪ," ಎಂದ ಬೇಕರಿಯವನು. "ಮೊಣಕಾಲು ಮಡಿಸು. ಈಗ ಹಿಂದಕ್ಕೆ ಬಾಗು." ಬಾಗಿದ್ದು ಸಾಲದೆಂದು ತಾನೇ ಮೇಲಿಂದ ಅವನ ತಲೆ ಹಿಡಿದು ಒತ್ತಿದ. ಹಿಂದಲೆ ಟಪ್ ಎಂದು ಟೈಲ್ಸಿಗೆ ಬಡಿಯಿತು.

"ಸರಿಯಾಗಿದೆ," ಎಂದ ಬೇಕರಿಯವನು, ಹಿಟ್ಟು ಹದಕ್ಕೆ ಬಂತೆಂದು ಹೇಳುವಂತೆ.

"ನೀರೇ ಇಲ್ದೆ ಎಂಥ ಅಳತೆ," ಎಂದಳು ಟೀಚರಮ್ಮ. "ನೀರು ತಲೆ ಮೇಲೆ ಬಂದ್ರೆ ಸಾಕು ಅನ್ನೋದನ್ನ ತೋರಿಸ್ತೀನಿ ನೋಡಿ." ಸಿಮೆಂಟು ಕಲಸಲು ಇಟ್ಟಿದ್ದ ಡ್ರಮ್ಮಿನಿಂದ ಒಂದು ಮಗ್ಗು ನೀರು ಮೊಗೆದು ಗಾರೆಯವನ ನೆತ್ತಿಗೆ ಸುರಿದಳು. "ಎಲ್ಲಿ ಒಣಗಿದೆ ಹೇಳಿ ಈಗ."

"ಕಂಕುಳು ಒಣಗಿದೆ," ಎಂದ ಬೇಕರಿಯವನು.

ಗಾರೆಯವನು ಕೊಳದ ತಳದಲ್ಲಿ ನಿಂತು ಒಂದರಿಂದ ನೂರರವರೆಗೆ ಎಣಿಸಿದ. ಆಮೇಲೆ ನೂರರಿಂದ ಒಂದರವರೆಗೆ ಇಳಿದ. ಬೂದು ನೀರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಬಾಯಿ ತೆರೆಯಲಿಲ್ಲ, ತೆರೆದಿದ್ದರೆ ಏನು ಹೊರಬೀಳುತ್ತಿತ್ತೋ ಅವನಿಗೂ ಗೊತ್ತಿರಲಿಲ್ಲ.

ಐದೂವರೆಗೆ ಸಭಾಪಾಲಕರು ಬಂದರು. ಕೊಳ ಮುಗಿದಿತ್ತು. ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ನಟ್ಟನಡುವೆ ನಿಲ್ಲುತ್ತಿತ್ತು. ಗಾರೆಯವನು ಕರಣೆ ತೊಳೆದಿಟ್ಟು ಕೈಕಟ್ಟಿ ನಿಂತಿದ್ದ. ಒದ್ದೆಯಾಗಿದ್ದ, ಹಿಂದಲೆಯಲ್ಲಿ ಬುಗುಟೆ ಎದ್ದಿತ್ತು. ಆದರೂ ಮುಖದಲ್ಲಿ ಒಂದು ಬಗೆಯ ಹೊಳಪಿತ್ತು. ಐವತ್ತೆರಡು ವರ್ಷಗಳಲ್ಲಿ ಅವನು ಸಿಟ್ಟು ಹೊರಗೆ ಹಾಕದೆ ಕಳೆದ ಮೊದಲ ದಿನ ಅದು.

"ಯಾರ ಮೇಲಾದ್ರೂ ರೇಗಿದನಾ?" ಎಂದು ಸಭಾಪಾಲಕರು ಕೇಳಿದರು.

"ಇಲ್ಲ," ಎಂದ ಬೇಕರಿಯವನು, ಸ್ವಲ್ಪ ಬೇಸರದಿಂದ.

"ಇಲ್ಲ," ಎಂದಳು ಟೀಚರಮ್ಮ. ಆಮೇಲೆ ನೋಟ್‌ಬುಕ್ಕು ತೆರೆದಳು. "ಆದ್ರೆ ಒಂದು ಮಾತು, ಅಯ್ಯನವರೇ. ಇವನು ಹಲ್ಲು ಕಚ್ಚಿ ತಡ್ಕೊಂಡಿದ್ದಾನೆ. ಅದು ಇವನ ಸ್ವಂತ ಸಾಹಸ. ಮನುಷ್ಯನ ಕ್ರಿಯೆಯಿಂದ ಯಾರೂ ನೀತಿವಂತರಾಗಲ್ಲ ಅಂತ ನಾವು ಕಲಿಸೋದು. ಕೃಪೆಯಿಂದ ಬದಲಾಗಿದ್ರೆ ತಡ್ಕೊಳ್ಳೋ ಅಗತ್ಯವೇ ಇರ್ತಿರ್ಲಿಲ್ಲ."

"ನಾನೂ ಅದನ್ನೇ ಹೇಳೋನಿದ್ದೆ," ಎಂದ ಬೇಕರಿಯವನು. "ಒಳಗಿನ ಕೋಪವೂ ಕೊಲೆಗೆ ಸಮ ಅಂತ ಕರ್ತನೇ ಹೇಳಿಲ್ವಾ? ಇವನ ಕಣ್ಣು ನೋಡಿ. ಬೆಳಿಗ್ಗೆಯಿಂದ ಒಲೆ ಹಾಗೆ ಉರೀತಿದೆ."

ಇಡೀ ದಿನದಲ್ಲಿ ಇಬ್ಬರೂ ಒಪ್ಪಿದ ಮೊದಲ ಸಂಗತಿ ಇದು. ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು.

ಆಗ ಗಾರೆಯವನ ಬಾಯಿ ತೆರೆಯಿತು.

"ಹೌದು, ಉರೀತಿದೆ. ನಿಮ್ಮಿಬ್ಬರನ್ನೂ ಈ ಕೊಳದಲ್ಲಿ ನಿಲ್ಲಿಸಿ ಕಾಂಕ್ರೀಟು ಸುರಿದಿದ್ದೀನಿ, ಬೆಳಿಗ್ಗೆಯಿಂದ ಏಳು ಸಲ. ಮನಸ್ಸಲ್ಲಿ. ಮೇಲೆ ಮಟ್ಟ ನೋಡಿ ಸಾರಿಸಿದ್ದೂ ಆಗಿದೆ. ಮುಳುಗಬೇಕು ಅಂದ್ರಿ, ಇಟ್ಟಿಗೆ ಏರಿಸಿದೆ. ಸುರಿದ್ರೆ ಸಾಕು ಅಂದ್ರಿ, ತಲೆ ಕೊಟ್ಟೆ. ಸಾಯೋಕೊಂದು ಮೆಟ್ಟಿಲು, ಬದುಕೋಕೊಂದು ಮೆಟ್ಟಿಲು ಕಟ್ಟಿದೆ. ರೇಗಿದ್ರೆ ಪಾಪ, ತಡ್ಕೊಂಡ್ರೂ ಪಾಪ. ಹಾಗಾದ್ರೆ ನಾನೇನು ಮಾಡ್ಬೇಕಿತ್ತು? ನಿಮ್ಮ ವಾದದಲ್ಲಿ ಯಾರಾದ್ರೂ ಗೆಲ್ಲಿ. ಆ ಬಾಗಿಲಲ್ಲಿ ಕೂತಿರೋಳು ಮೂರು ತಿಂಗಳಿಂದ ಬಟ್ಟಲು ಮುಟ್ಟಿಲ್ಲ. ಅದಕ್ಕೆ ಯಾವ ಅಧ್ಯಾಯ ಇದೆ, ತೆಗೆದು ತೋರಿಸಿ."

ದೇವಾಲಯದ ಗೋಡೆಗಳು ಆ ದನಿಯನ್ನು ಎರಡು ಸಲ ತಿರುಗಿಸಿ ಕೊಟ್ಟವು. ಟೀಚರಮ್ಮ ನೋಟ್‌ಬುಕ್ಕಿನ ಹಾಳೆ ತಿರುವತೊಡಗಿದಳು. ಗಾರೆಯವನ ಮುಖ ಬಿಳಿಚಿತು. ದಿನವಿಡೀ ಕಟ್ಟಿದ್ದನ್ನು ತಾನೇ ಕೆಡವಿದೆ ಎಂದುಕೊಂಡ.

ಸಭಾಪಾಲಕರು ಕೊಳದ ಅಂಚಿನಲ್ಲಿ ಕೂತರು.

"ಒಳಗೆ ಉರಿ ಇಲ್ದೋರಿಗೆ ಮಾತ್ರ ಅನ್ನೋದಾದ್ರೆ ನಾಳೆ ಮೇಜು ಹಾಕೋದೇ ಬೇಡ," ಎಂದರು. "ಬಡಿಸೋಕೆ ನಾನೂ ಇರಲ್ಲ. ಇವನು ಇದ್ದದ್ದನ್ನ ಇದ್ದ ಹಾಗೆ ಒಪ್ಕೊಂಡ. ಕೈ ಎತ್ತಲಿಲ್ಲ. ನಾಳೆ ಬರ್ತಾನೆ. ನೀವಿಬ್ಬರೂ ಏನಂತೀರಿ?"

ಇಬ್ಬರೂ ನೆಲ ನೋಡಿದರು. ಸರಿ ಎಂದರು. ಗಾರೆಯವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಸಿಮೆಂಟಿನ ನೀರು ಕಣ್ಣಿಗೆ ಹೋಗಿತ್ತು, ಅಷ್ಟೇ.

ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಬೇಕರಿಯವನು ಸುಮ್ಮನೆ ಮನೆಗೆ ಹೋಗಿದ್ದರೆ ಮುಗಿಯುತ್ತಲೂ ಇತ್ತು. ಆದರೆ ಹೋಗುವಾಗ ಅವನು ಬಾಗಿಲಲ್ಲಿ ಕೂತಿದ್ದ ಮುದುಕಿಯ ಮುಂದೆ ನಿಂತ.

"ಸಂತೋಷ ಆಯ್ತಾಮ್ಮ? ನಿಮ್ಮ ಮಗನಿಗೆ ದಾರಿ ಆಯ್ತು. ಆದ್ರೆ ಅವನ ಯೋಗ್ಯತೆಯಿಂದ ಅಲ್ಲ ಅನ್ನೋದು ನೆನಪಿರ್ಲಿ."

ಊರುಗೋಲು ಗಾಳಿಯಲ್ಲಿ ಸುಯ್ಯೆಂದಿತು. ಮೊದಲ ಏಟು ಬೆನ್ನಿಗೆ, ಎರಡನೆಯದು ಭುಜಕ್ಕೆ ಬಿತ್ತು. ಮೂರನೆಯದನ್ನು ಬೇಕರಿಯವನು ವೇದಪುಸ್ತಕ ಅಡ್ಡ ಹಿಡಿದು ತಪ್ಪಿಸಿಕೊಂಡ. "ಅಮ್ಮಾ, ಇದು ದೇವಾಲಯ" ಎನ್ನುತ್ತ ಟೀಚರಮ್ಮ ಓಡಿಬಂದಳು. ಮುದುಕಿ ಅವಳ ಕೈಯಿಂದ ನೋಟ್‌ಬುಕ್ಕು ಕಿತ್ತು ನೀರಿನ ಡ್ರಮ್ಮಿಗೆ ಎಸೆದಳು. ಚಿಮುಕಿಸುವ ಪಕ್ಷದ ಇಪ್ಪತ್ತು ವರ್ಷಗಳ ಟಿಪ್ಪಣಿಗಳು ಪೂರ್ತಿ ಮುಳುಗಿ ತಳ ಸೇರಿದವು.

"ಬೆಳಿಗ್ಗೆಯಿಂದ ನೋಡ್ತಿದ್ದೀನಿ," ಎಂದಳು. ಏದುಸಿರೊಂದನ್ನು ಬಿಟ್ಟರೆ ಅವಳ ದನಿ ಎಂದಿನಷ್ಟೇ ಮೆಲ್ಲಗಿತ್ತು. "ನನ್ನ ಮಗನ ತಲೆ ಏನು ನಿಮಗೆ ಅಳತೆಗೋಲಾ?"

ಸಭಾಪಾಲಕರು ಅವಳ ಕೈಯಿಂದ ಕೋಲು ತೆಗೆದುಕೊಂಡು ಗೋಡೆಗೆ ಒರಗಿಸಿದರು. "ಅಮ್ಮಾ, ಒಂದು ಮಾತು ಕ್ಷಮೆ ಕೇಳಿಬಿಡಿ. ಮುಗಿದುಹೋಗುತ್ತೆ."

"ಪಶ್ಚಾತ್ತಾಪ ಆಗಿಲ್ವಲ್ಲ, ಅಯ್ಯನವರೇ. ಆಗದ್ದನ್ನ ಆಯ್ತು ಅಂತ ದೇವರ ಮನೇಲಿ ಹೇಳ್ಲಾ?"

"ನಾಳೆಯೊಳಗೆ ಆಗಬಹುದು."

"ಆಗಲ್ಲ. ಇನ್ನೂ ನಾಲ್ಕು ಕೊಡ್ಬೇಕು ಅನ್ಸ್ತಿದೆ. ನಿಮ್ಮ ನಿಯಮ ಇದೆಯಲ್ಲ, ನನ್ನ ಮಗನಿಗೆ ಹಾಕಿದ್ದು. ಅದನ್ನೇ ನನಗೂ ಹಾಕಿ. ಅವನಿಗೊಂದು ನನಗೊಂದು ಬೇಡ. ಮೂರು ತಿಂಗಳು."

ಸಭಾಪಾಲಕರು ಬೇಕರಿಯವನನ್ನು ನೋಡಿದರು, ಟೀಚರಮ್ಮನನ್ನು ನೋಡಿದರು. ಬೇಕರಿಯವನು ಭುಜ ಉಜ್ಜಿಕೊಂಡ, ಟೀಚರಮ್ಮ ಡ್ರಮ್ಮಿನೊಳಗೆ ಇಣುಕಿದಳು. ಸಭಾಪಾಲಕರು ನಿಟ್ಟುಸಿರು ಬಿಟ್ಟು, ಮೂರು ತಿಂಗಳು ಎಂದರು.

ಗಾರೆಯವನಿಗೆ ಆಗ ಅರ್ಥವಾಯಿತು. ನಾಳೆ ತಾನು ಒಳಗೆ, ಮೇಜಿನ ಮುಂದೆ. ತಾಯಿ ಹೊರಗಿನ ಬೆಂಚಿನ ಮೇಲೆ. ಹಿಡಿಯಲು ತನ್ನ ಕೈ ಇದೆ, ಕುಡಿಯಲು ಅವಳ ತುಟಿ ಇಲ್ಲ. ಇದಕ್ಕೆ ಉಳಿದಿದ್ದು ಒಂದೇ ದಾರಿ. ತಾನೂ ಹೊರಗಾಗಬೇಕು. ಮೂರು ತಿಂಗಳ ಮೇಲೆ ಇಬ್ಬರೂ ಒಟ್ಟಿಗೆ ಒಳಗೆ ಬರಬೇಕು.

ನೇರ ಹೋಗಿ ಬೇಕರಿಯವನ ಕಾಲರು ಹಿಡಿದ. ಮುಷ್ಟಿ ಎತ್ತಿದ. ಕೋಪ ಬರಲೆಂದು ಕಾದ.

ಬರಲಿಲ್ಲ. ಒಳಗೆ ತಡಕಾಡಿದ. 'ಇಟ್ಟಿಗೆ ಎಣಿಸೋನು' ಎಂಬ ಮಾತು ನೆನೆದ, ಕಲ್ಲಾದ ಸಿಮೆಂಟು ನೆನೆದ, ಹಿಂದಲೆಯ ಬುಗುಟೆಯನ್ನು ಮುಟ್ಟಿಯೂ ನೋಡಿದ. ಐವತ್ತೆರಡು ವರ್ಷ ಕರೆಯದೆ ಬಂದದ್ದು ಇವತ್ತು ಕರೆದರೂ ಬರಲೊಲ್ಲದು. ಎದುರಿಗಿದ್ದದ್ದು ಬೆನ್ನು ನೋಯುತ್ತಿದ್ದ ಒಬ್ಬ ಮುದಿಯ, ಕಿವಿಯಲ್ಲಿ ಹಿಟ್ಟು. ಎತ್ತಿದ ಮುಷ್ಟಿ ತಾನಾಗಿ ಬಿಚ್ಚಿಕೊಂಡಿತು. ಕೈ ಅವನ ಕಾಲರನ್ನು ಸರಿಮಾಡಿ, ಭುಜದ ಮೇಲಿನ ಸಿಮೆಂಟು ಧೂಳು ಕೊಡವಿತು.

"ನೋಡಿದ್ರಾ, ಅಯ್ಯನವರೇ," ಎಂದಳು ಟೀಚರಮ್ಮ, ಡ್ರಮ್ಮಿನೊಳಗೆ ತೋಳು ಮುಳುಗಿಸಿ ನೋಟ್‌ಬುಕ್ಕು ಹುಡುಕುತ್ತ. "ಇದು ಇವನ ಸಾಹಸ ಅಲ್ಲ. ಇದು ಕೃಪೆ."

"ಕೃಪೆಯೇ," ಎಂದ ಬೇಕರಿಯವನು. ಅವನ ಕಣ್ಣು ತುಂಬಿತ್ತು.

ತಾಯಿ ಗೋಡೆ ಹಿಡಿದು ಎದ್ದು ನಿಂತು ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಒಂದೇ ಒಂದು ಏಟು ಕೊಡೋಕೂ ಆಗ್ಲಿಲ್ವಲ್ಲ ನಿನಗೆ," ಎಂದಳು.