ದೇವೇಂದ್ರಪ್ಪನ ಭದ್ರ ಖೋಲಿ

ಪಂಪಾವತಿ: ಬಾಗಲಾ ತಗೀರಿ ಅಂದ್ನೆಲ್ಲ! ಇನ್ನ ಅರ್ಧ ತಾಸಿಗೆ ಕರೆಂಟ್ ಬರ್ತೈತಿ. ಗಿಡಕ್ಕ ನೀರು ಬಿಡಬೇಕು, ಕೇಬಲ್ ಕೊಡ್ರಿ ಈ ಕಡೆ.

ದೇವೇಂದ್ರಪ್ಪ (ಒಳಗಿನಿಂದ): ತಡಿ. ಟೆಸ್ಟ್ ನಡದೈತಿ.

ಪಂಪಾವತಿ: ಎಂಟಕ್ಕ ಒಳಗ ಹೋದವರು ನೀವು. ಅದೇನು ಟೆಸ್ಟ್ ಅದು?

ದೇವೇಂದ್ರಪ್ಪ: ಬಾಗಲಾ ಎಷ್ಟು ಗಟ್ಟಿ ಐತಿ ಅಂತ.

ಪಂಪಾವತಿ: ಎಷ್ಟು ಗಟ್ಟಿ ಐತಿ?

ಗಟ್ಟಿತನದ ಬಗ್ಗೆ ದೇವೇಂದ್ರಪ್ಪನಿಗೆ ಈಗ ಎಳ್ಳಷ್ಟೂ ಅನುಮಾನವಿರಲಿಲ್ಲ, ಸಂಕಟವೇ ಅದು. ಹೊಲದ ಮೋಟಾರಿನ ಕೇಬಲ್ ಎರಡು ಸಲ ಕಳ್ಳರ ಪಾಲಾಗಿತ್ತು. ಮೂರನೆಯದನ್ನು ಪಂಪಾವತಿ ತನ್ನ ತವರಿನ ಎಮ್ಮೆ ಮಾರಿ ತಂದಿದ್ದಳು. ಇದೂ ಹೋದರೆ ದಾಳಿಂಬೆ ಗಿಡ ಒಣಗುವುದು ಆಮೇಲಿನ ಮಾತು, ಮೊದಲು ಒಣಗುವವನು ದೇವೇಂದ್ರಪ್ಪ. ಅದಕ್ಕೇ ಈ ಮಹಾನುಭಾವ ಕುಷ್ಟಗಿಯ ಗುಜರಿಯಿಂದ ಹಳೇ ಬಸ್ಸಿನ ತಗಡು, ಮುರಿದ ಮಂಚದ ಕಬ್ಬಿಣದ ಪಟ್ಟಿ, ಯಾರೋ ಕೆಡವಿದ ಕೋಟೆಯಂಥ ವಾಡೆಯ ಸಾಗವಾನಿ ಬಾಗಿಲು ಹೊತ್ತು ತಂದು ಹೊಲದ ಬದುವಿನಲ್ಲಿ ಖೋಲಿ ಕಟ್ಟಿದ್ದ. ವಾಡೆಯ ಬಾಗಿಲೆಂದ ಮೇಲೆ ಕೇಳಬೇಕೇ, ಅದಕ್ಕೆ ತೋಳಿನ ಗಾತ್ರದ ಅಗಳಿ. ಅಗಳಿ ಇರುವುದು ಒಳಮಗ್ಗುಲಿಗೆ. ವಾಡೆಯಲ್ಲಿ ಹೇಗಿತ್ತೋ ಹಾಗೇ ಕೂರಿಸಿದ್ದ. ಬೆಳಿಗ್ಗೆ ಕೇಬಲ್ಲಿನ ಸುರುಳಿ ಒಳಗಿಟ್ಟು, ತಾನೂ ಒಳಗೆ ನಿಂತು ಅಗಳಿ ಎಳೆದು, ಅಷ್ಟು ಸಾಲದೆಂದು ಕಲ್ಲಿನಿಂದ ನಾಲ್ಕು ಏಟು ಬೇರೆ ಹಾಕಿದ್ದ. ಈಗ ಅದು ಜಪ್ಪಯ್ಯ ಅಂದರೂ ಜಗ್ಗುತ್ತಿಲ್ಲ. ಎದುರಿನ ತಗಡಿನ ಮೇಲೆ ‘ತಲೆ, ಕೈ ಹೊರಗೆ ಹಾಕಬೇಡಿ’ ಎಂದು ಬರೆದಿತ್ತು. ಅದನ್ನು ಅವನು ಇದುವರೆಗೆ ಹದಿನೆಂಟು ಸಲ ಓದಿದ್ದ.

ಪಂಪಾವತಿ: ಅಲ್ರೀ, ನಂದೊಂದು ಮಾತು. ಅಗಳಿ ಒಳಗೈತಿ. ನೀವು ಮನಿಗೆ ಬಂದಾಗ ಅದನ್ನ ಹಾಕವರು ಯಾರು?

ದೇವೇಂದ್ರಪ್ಪ: ಹೊರಗಿಂದ ಕಳ್ಳಗ ತಗಿಯಾಕ ಬರಬಾರದು. ಅದಕ್ಕ ಒಳಗಿಟ್ಟೀನಿ.

ಪಂಪಾವತಿ: ಕಳ್ಳಗೂ ಬರಂಗಿಲ್ಲ, ನಿಮಗೂ ಬರಂಗಿಲ್ಲ. ಹಂಗಾರ ದಿನಾ ಯಾರು ಹಾಕ್ತಾರ, ಕೇಬಲ್ಲ ಎದ್ದು ಹಾಕ್ಕೊಂತೈತೇನು?

ದೇವೇಂದ್ರಪ್ಪ: ಎಲ್ಲಾ ಒಮ್ಮೆಲೆ ಕೇಳಬ್ಯಾಡ.

ಪಂಪಾವತಿ: ಹ್ಞಾಂ, ತಿಳೀತು ಬಿಡ್ರಿ! ನಿನ್ನಿ ನನ್ನ ತಮ್ಮ ಗಾಳೇಶ ಇದಕ್ಕ ಕೋಳಿಗೂಡು ಅಂದ. ಅದಕ್ಕ ಸಿಟ್ಟು ಬಂದು ಒಳಗ ಮಾರಿ ಊದಿಸ್ಕೊಂಡು ಕುಂತೀರಿ.

ದೇವೇಂದ್ರಪ್ಪನಿಗೆ ಜೀವ ಬಂದಂತಾಯಿತು. ಸಿಕ್ಕಿಬಿದ್ದ ಗಂಡನಿಗಿಂತ ಸಿಟ್ಟಾದ ಗಂಡನಿಗೆ ಮರ್ಯಾದೆ ಜಾಸ್ತಿ.

ದೇವೇಂದ್ರಪ್ಪ: ಹೌದು, ಸಿಟ್ಟ! ನಿನ್ನ ತಮ್ಮ ಬಂದು ತಪ್ಪಾತು ಅನ್ನೂತನಕಾ ಹೊರಗ ಬರಂಗಿಲ್ಲ.

ಪಂಪಾವತಿ: ಅವ ಯಲಬುರ್ಗಾಕ್ಕ ಹೋಗ್ಯಾನ. ಸಂಜಿ ಬಸ್ಸಿಗೆ ಬರ್ತಾನ.

ದೇವೇಂದ್ರಪ್ಪ: ಸಂಜಿಕಾ? ಹೋಗ್ಲಿ, ಫೋನಿನ್ಯಾಗ ಅಂದ್ರೂ ನಡೀತೈತಿ.

ಪಂಪಾವತಿ: ಅವನ ಬದ್ಲಿ ನಾನ ಅಂತೀನಿ, ತಪ್ಪಾತು. ತಗೀರಿ ಈಗ.

ದೇವೇಂದ್ರಪ್ಪ: ಪಂಪಾ... ಅಗಳಿ ಬರವಲ್ದು.

ಪಂಪಾವತಿ ನಕ್ಕ ನಗು ಪಕ್ಕದ ಹೊಲಕ್ಕೂ ಕೇಳಿಸಿತು.

ದೇವೇಂದ್ರಪ್ಪ: ನಗಬ್ಯಾಡ ನೀ! ಮುಂಜಾನೆ ಮೂರು ಕಪ್ ಚಹಾ ಕುಡದು ಬಂದೀನಿ. ತಡಕೊಳ್ಳಾಕ ಆಗವಲ್ದು.

ನಗು ಕೇಳಿದ ಪಕ್ಕದ ಹೊಲದ ಯಂಕೇಶ, ದೇವೇಂದ್ರಪ್ಪನ ಬಾಲ್ಯದ ಗೆಳೆಯ, ಹಾರೆ ಹೆಗಲಿಗೇರಿಸಿಕೊಂಡು ಬಂದ. ಸಂಗತಿ ಕೇಳಿ ಪಂಚೆ ಎತ್ತಿ ಕಟ್ಟಿದ.

ಯಂಕೇಶ: ಹಿಂದಕ ಸರಿಯೋ ದೇವೇಂದ್ರಾ. ಒಮ್ಮೆ ಮೀಟಿದ್ನೆಂದ್ರ ಬಾಗಲಾ ನೆಲಕ್ಕ.

ದೇವೇಂದ್ರಪ್ಪ: ಲೇ ಮೆಲ್ಲಕ! ಸಾಗವಾನಿ ಐತಿ, ಕೆತ್ತೀಗಿತ್ತಿ!

ಯಂಕೇಶ ಮೀಟಿದ. ಹಾರೆ ಜಾರಿತು, ಯಂಕೇಶನೂ ಜಾರಿದ. ಬಾಗಿಲು ಅಲುಗಲಿಲ್ಲ.

ದೇವೇಂದ್ರಪ್ಪ (ಹಿಗ್ಗಿನಿಂದ): ಬರಲಿಲ್ಲಲ್ಲಾ?

ಯಂಕೇಶ: ಇಲ್ಲಪಾ.

ದೇವೇಂದ್ರಪ್ಪ: ಪೂರಾ ಜೋರು ಹಾಕಿದ್ದೇನು?

ಯಂಕೇಶ: ರಟ್ಟಿ ಹಿಡ್ಕೊಂಡೈತಿ ಮಾರಾಯಾ.

ದೇವೇಂದ್ರಪ್ಪ: ಕೇಳಿದೇನ ಪಂಪಾ? ಹಾರಿಗೂ ಬಗ್ಗಲಿಲ್ಲ!

ಪಂಪಾವತಿ: ಕೇಳಿದೆ. ನಿಮಗ ಹೊರಗ ಬರೂದೈತೋ, ಶಾಲು ಹೊದಿಸ್ಕೊಳ್ಳೂದೈತೋ?

ದೇವೇಂದ್ರಪ್ಪ: ಹೊರಗ! ಹೊರಗ! ಲಗೂ ಮಾಡ್ರಿ!

ಯಂಕೇಶ: ಅಷ್ಟು ಅವಸರ ಇದ್ರ ಮೂಲ್ಯಾಗ ಮುಗಿಸ್ಕೊಳ್ಳೋ. ಯಾರು ನೋಡ್ತಾರ ಅಲ್ಲಿ?

ಪಂಪಾವತಿ: ಖಬರ್ದಾರ್! ಒಳಗ ನನ್ನ ಕೇಬಲ್ ಐತಿ!

ಬಾಗಿಲು ಮಾರಿದ್ದ ಗುಜರಿ ಅಂಗಡಿಯ ಜುಬೇದಾಬೀಗೇ ಪಂಪಾವತಿ ಫೋನ್ ಹಚ್ಚಿದಳು. ಪುಣ್ಯಕ್ಕೆ ಅವಳು ಹಳೇ ಸಾಮಾನು ಕೊಳ್ಳಲು ಪಕ್ಕದ ಊರಿಗೇ ಬಂದಿದ್ದಳು. ಟಂಟಂ ಆಟೋ ಇಳಿದವಳೇ ಸಂತೆಯಲ್ಲಿ ಎತ್ತು ನೋಡಿದ ಹಾಗೆ ಖೋಲಿಯನ್ನು ಒಂದು ಸುತ್ತು ನೋಡಿದಳು. ಬಾಗಿಲನ್ನು ಮುಟ್ಟಲೂ ಇಲ್ಲ.

ಜುಬೇದಾಬೀ: ಅಣ್ಣಾರ, ಬಾಗಲಾ ಕಡೆ ಸರೀರಿ. ಹಿಂದಿನ ತಗಡ ತಗೀತೀನಿ.

ದೇವೇಂದ್ರಪ್ಪ: ನಿಮ್ಮ ಕೈಲೆ ಆಗಂಗಿಲ್ಲವಾ! ಇಪ್ಪತ್ತನಾಕು ನಟ್ ಬೋಲ್ಟ್ ಹಾಕೀನಿ.

ಜುಬೇದಾಬೀ: ಹೌದ್ರಿ, ನೋಡಿದೆ. ನಟ್ ಎಲ್ಲಾ ಹೊರಗ ಇಟ್ಟೀರಿ.

ದೇವೇಂದ್ರಪ್ಪ: ಅದು... ಬಿಗಿ ಮಾಡಾಕ ಅನುಕೂಲ ಆಗ್ಲಿ ಅಂತ...

ಜುಬೇದಾಬೀ: ಬಿಚ್ಚಾಕೂ ಭಾಳ ಅನುಕೂಲ ಆಗೈತ್ರಿ.

ಹಳೇ ಬಸ್ಸು ಬಿಚ್ಚುವುದರಲ್ಲೇ ಮೂವತ್ತು ವರ್ಷ ಕಳೆದ ಕೈ ಅದು. ನಟ್ಟಿಗೆ ಪಾನಾ ಹಿಡಿದು ತಿರುವಿದಳು, ಯಂಕೇಶ ನಟ್ಟುಗಳನ್ನು ಟವೆಲ್ಲಿನಲ್ಲಿ ಹಿಡಿದ. ಹತ್ತು ನಿಮಿಷದಲ್ಲಿ ತಗಡು ಕಳಚಿ ಬಿತ್ತು. ದೇವೇಂದ್ರಪ್ಪ ಯಾರ ಮುಖವನ್ನೂ ನೋಡದೆ ಜಾಲಿಗಿಡದ ಹಿಂದಕ್ಕೆ ಓಡಿದ. ಅವನು ತಿರುಗಿ ಬರುವಷ್ಟರಲ್ಲಿ ಯಂಕೇಶ ಕೇಬಲ್ ಒಯ್ದು ಜೋಡಿಸಿದ್ದ, ಕರೆಂಟೂ ಬಂದು ಮೋಟಾರು ಗುಂಯ್‌ಗುಡುತ್ತಿತ್ತು. ಖೋಲಿಯ ತೆರೆದ ಹಿಂಬದಿಯನ್ನು ನೋಡಿ ದೇವೇಂದ್ರಪ್ಪನಿಗೆ ಅಳುವೇ ಬಂತು.

ದೇವೇಂದ್ರಪ್ಪ: ನಟ್ ಒಳಗ ಬರಂಗ ತಿರುವಿ ಹಾಕಿದ್ರ ಹೆಂಗ?

ಪಂಪಾವತಿ: ಹಾಕ್ರಿ. ಬಿಗಿ ಮಾಡವರು ಮತ್ತ ಒಳಗ ಉಳೀತೀರಿ.

ದೇವೇಂದ್ರಪ್ಪ: ಹಂಗಾರ ತಿಂಗಳಾನುಗಟ್ಟಲೆ ಕಷ್ಟಪಟ್ಟು ಕಟ್ಟಿದ್ದೆಲ್ಲಾ ದಂಡಾತೇನು?

ಪಂಪಾವತಿ: ಯಾಕ ದಂಡ? ಇವತ್ತಿಂದ ಕೇಬಲ್ ಮನ್ಯಾಗ ಮಂಚದ ಮ್ಯಾಲ ಮಲಗ್ತೈತಿ. ನೀವು ಇಲ್ಲಿ ಮಲಗ್ರಿ.

ದೇವೇಂದ್ರಪ್ಪ: ಯಾರರೆ ಬಂದು ನನ್ನ ಎತ್ಕೊಂಡು ಹೋದ್ರ?

ಪಂಪಾವತಿ: ಒಯ್ಯಲಿ ಬಿಡ್ರಿ. ಎರಡು ದಿನ ನಿಮ್ಮ ಮಾತು ಕೇಳಿದ್ರ ಅವರ ತಿರುಗಿ ತಂದು ಬಿಡ್ತಾರ. ‘ಇವರನ್ನ ಇಟ್ಕೊಳ್ಳವಾ ತಾಯಿ’ ಅಂತ ಕೈ ಮುಗದು, ಹಿಂದ ಕದ್ದ ಎರಡೂ ಕೇಬಲ್ ಮ್ಯಾಲ ಕೊಟ್ಟು ಹೋಗ್ತಾರ!