ತುಂಗಾಬಾಯಿಯ ಕಾಂಗರೂ ಪ್ರದಕ್ಷಿಣೆ

"ನೋಡ್ರಿ ವೈನಿ, ಇನ್ನ ನಿಮ್ಮ ಮೊಳಕಾಲಿಗೆ ಕೆಲಸನ ಇಲ್ಲ!" ಎಂದು ಪ್ರಲ್ಹಾದರಾಯರು ಅಂಗಳದಲ್ಲಿ ನಿಂತ ಯಂತ್ರದ ಬೆನ್ನು ತಟ್ಟಿದರು.

ತುಂಗಾಬಾಯಿಗೆ ಮೈದುನನ ಯಂತ್ರಗಳೆಂದರೆ ಮೊದಲಿನಿಂದಲೂ ಭಯ. ಚಪಾತಿ ಲಟ್ಟಿಸಲೆಂದು ಮಾಡಿದ ಯಂತ್ರ ಬೆಕ್ಕನ್ನು ಅಟ್ಟದವರೆಗೆ ಅಟ್ಟಿಸಿಕೊಂಡು ಹೋಗಿತ್ತು! ಇದಕ್ಕೆ ಜೀಪಿನ ಸ್ಪ್ರಿಂಗಿನ ಎರಡು ಉದ್ದ ಕಾಲು, ಲೋಡುದಿಂಬಿನಷ್ಟು ದಪ್ಪ ಬಾಲ, ಮುಂದೆ ಎರಡು ಗಿಡ್ಡ ಕೈ, ಬೆನ್ನ ಮೇಲೆ ಕೂರಲು ಒಂದು ಪೀಠ.

"ಕಾಂಗರೂ ಕಾಲಿನ ನರ ಸ್ಪ್ರಿಂಗ್ ಇದ್ದಂಗ ವೈನಿ. ನೆಲಕ್ಕ ಕೊಟ್ಟ ಬಲಾ ತಿರುಗಿ ತಗೋತದ. ಜೋರ ಹಾರಿದಷ್ಟೂ ದಣಿವು ಕಮ್ಮಿ! ಬರೇ ಕಾಲಲ್ಲ, ಅದರ ಸ್ವಭಾವ ಪೂರಾ ತುಂಬೀನಿ."

"ಸ್ವಭಾವ ಯಾಕ ಬೇಕಾಗಿತ್ತೋ? ನನಗ ಒಂಬತ್ತು ಸುತ್ತು ಆದ್ರ ಸಾಕು."

ಹನುಮಪ್ಪನ ಗುಡಿಗೆ ಸಾವಿರ ಪ್ರದಕ್ಷಿಣೆಯ ಹರಕೆ ಹೊತ್ತಿದ್ದ ಗಂಡ, ಒಂಬತ್ತು ಉಳಿಸಿ ತೀರಿಕೊಂಡಿದ್ದರು. ನಾಳೆ ವರ್ಷದ ಶ್ರಾದ್ಧ. ಅಷ್ಟರೊಳಗೆ ಅದು ತೀರದಿದ್ದರೆ ಅವರ ಹೆಸರಿನಲ್ಲಿ ಎಲೆ ಹಾಕುವುದು ಹೇಗೆ? ವಾರದಿಂದ ತುಂಗಾಬಾಯಿ ಕೂತಲ್ಲಿ ಕೂರಲಾರರು. ಎದ್ದರೆ ಮೊಳಕಾಲು ಬಿಡದು.

ಗುಡಿಯಲ್ಲಿ ಮೊದಲ ಮೂರು ಸುತ್ತು ಒಂದೇ ನಿಮಿಷಕ್ಕೆ ಮುಗಿದವು! "ಹನುಮಪ್ಪಾ!" ಎನ್ನುವಷ್ಟರಲ್ಲಿ ಒಂದು ಮೂಲೆ, "ಕಾಪಾಡಪ್ಪಾ!" ಎನ್ನುವಷ್ಟರಲ್ಲಿ ಇನ್ನೊಂದು. ನಾಲ್ಕನೆಯ ಸುತ್ತಿಗೆ ಯಂತ್ರ ಗಕ್ಕನೆ ನಿಂತಿತು. ಬಾಲ ಊರಿತು, ಕೈ ಊರಿತು, ಐದು ಕಾಲಿನ ಪ್ರಾಣಿಯಂತೆ ತೆವಳುತ್ತ ಗೋಡೆಯಂಚಿನ ಗರಿಕೆ ಕಿತ್ತು ತುಂಗಾಬಾಯಿಯ ಬಾಯಿಗೆ ಹಿಡಿಯಿತು.

"ಅಯ್ಯ, ಇವತ್ತ ಏಕಾದಶಿ!"

"ಮೇಯೋ ಹೊತ್ತಾತು ವೈನಿ. ತಿನ್ನದಿದ್ರ ಮುಂದ ಹೋಗಂಗಿಲ್ಲ!"

ಅರ್ಚಕ ಭೀಮಸೇನಾಚಾರ್ಯರು ಗರ್ಭಗುಡಿಯಿಂದಲೇ ಹೇಳಿದರು: "ತಿನ್ನಬ್ಯಾಡ್ರಿ, ಸೆರಗಿನ್ಯಾಗ ಹಾಕ್ಕೋರಿ. ಅದಕ್ಕೇನು ತಿಳೀತದ!"

ಅದಕ್ಕೆ ತಿಳಿಯಲಿಲ್ಲ. ಎಂಟು ಸುತ್ತು ಆಯಿತು. ಒಂಬತ್ತನೆಯದರ ನಡುವೆ ಬೀದಿಯಲ್ಲಿ ಮೆಂತ್ಯ ಸೊಪ್ಪಿನ ಗಾಡಿ ಹೊರಟಿತು. ಯಂತ್ರ ಒಂದೇ ನೆಗೆತಕ್ಕೆ ಬಾಗಿಲ ಹೊರಗೆ!

"ಹಿಂದಕ್ಕ ತಗೋಳೋ ಪ್ರಲ್ಹಾದಾ!"

"ಕಾಂಗರೂ ಹಿಂದಕ್ಕ ನಡಿಯಂಗಿಲ್ಲ ವೈನಿ! ಬಲಕ್ಕ ಹೊರಳಿಸ್ರಿ, ಬಲಕ್ಕ!"

ಪೇಟೆಯ ಗಾಡಿಗಳು ಚದುರಿದವು. ಕಾಯಿಪಲ್ಲೆ ಸಂತೆ ದಾಟಿತು. ವಾಚನಾಲಯ ಬಂತು. ಗಂಡ ದಿನಾ ಪೇಪರ್ ಓದುತ್ತಿದ್ದ ಬೆಂಚಿನ ಮೇಲೆ ಬೇರೆ ಯಾರೋ ಕಾಲು ಚಾಚಿ ಕೂತಿದ್ದರು. ವರ್ಷದಿಂದ ತುಂಗಾಬಾಯಿ ಈ ಬೀದಿಗೆ ಬಂದಿರಲಿಲ್ಲ. ಕಣ್ಣೊರೆಸಿಕೊಳ್ಳಲು ಯಂತ್ರ ಬಿಡುವು ಕೊಡಲಿಲ್ಲ.

ಹಿಂದಿನಿಂದ ನಟ್ಟು ಬಿಚ್ಚುವ ಪಾನಾ ಹಿಡಿದ ಪ್ರಲ್ಹಾದರಾಯರು, "ವೈನೀ! ವೈನೀ!" ಎಂದು ಕೂಗುತ್ತ ಓಡಿದರು, ಅಡ್ಡದಾರಿ ಹಿಡಿದು ಎದುರಿಗೇ ಬಂದು ನಿಂತರು. ಆ ಆರ್ತಧ್ವನಿಗೆ ಯಂತ್ರದ ತಾಯ್ತನ ಎಚ್ಚರಗೊಂಡಿತು! ಹೊಟ್ಟೆಯ ತಗಡು ತೆರೆಯಿತು, ಗಿಡ್ಡ ಕೈ ಚಾಚಿತು, ಅರವತ್ತೆರಡರ ಮೈದುನ ಕುತ್ತಿಗೆಯವರೆಗೂ ಒಳಗೆ! ಆ ಮರಿಯನ್ನು ಹೊತ್ತು ಬಲಕ್ಕೇ ಹೊರಳುತ್ತ ಊರೆಲ್ಲ ಸುತ್ತಿ, ಯಂತ್ರ ಗುಡಿಯ ಬಾಗಿಲಿಗೆ ಬಂದು ನೆರಳಿನಲ್ಲಿ ಕೂತುಬಿಟ್ಟಿತು. ಬಿಸಿಲ ಹೊತ್ತಿನಲ್ಲಿ ಕಾಂಗರೂ ಅಲ್ಲಾಡುವುದಿಲ್ಲವಂತೆ.

ತುಂಗಾಬಾಯಿ ಪೀಠ ಹಿಡಿದು ಇಳಿದರು. "ಆಚಾರ್ರ, ಕಡೀ ಸುತ್ತು ಕೆಡ್ತೇನ್ರಿ?"

"ಗುಡಿ ಬಲಕ್ಕ ಇತ್ತೋ ಇಲ್ಲೋ?"

"ಇತ್ತ್ರಿ. ಊರೆಲ್ಲ ಬಲಕ್ಕ ಇತ್ತು."

"ಹಂಗಾರ ಅದೂ ಪ್ರದಕ್ಷಿಣಿನ. ನಿಮ್ಮ ಯಜಮಾನರ ಹರಕಿ ತೀರಿತು, ಹೋಗ್ರಿ."

ತುಂಗಾಬಾಯಿ ಹೊಸಿಲಿಗೆ ಹಣೆ ಹಚ್ಚಿದರು. ಬಹಳ ಹೊತ್ತು ಏಳಲಿಲ್ಲ.

"ವೈನಿ," ಹೊಟ್ಟೆಯಿಂದ ಸಣ್ಣ ದನಿ ಬಂತು, "ಇದು ಮರೀನ ಬಿಡವಲ್ದು."

"ಎಷ್ಟೊತ್ತು ಇಟ್ಕೋತದೋ?"

"ಸ್ವಭಾವದ ಪ್ರಕಾರ... ಎಂಟು ತಿಂಗಳು."

"ನಾಳೆ ಶ್ರಾದ್ಧ ಮಾಡಾಂವ ನೀನ ಅಲ್ಲೇನೋ!"

ಆಚಾರ್ಯರು ಯಂತ್ರದ ಸುತ್ತ ಒಮ್ಮೆ ಬಂದು, ಬಗ್ಗಿ ನೋಡಿದರು. "ಎರಡೂ ಕೈ ಹೊರಗಿದ್ರ ಆತು," ಎಂದರು. "ತರ್ಪಣಕ್ಕ ಕಾಲಿನ ಕೆಲಸ ಇಲ್ಲ."