ಹೊಸ ಶೆಲ್ಲೂ ನನ್ನ ಎರಡು ಬೀಗಗಳೂ

ಯಾರಾದರೂ ‘ಏನೂ ಬದಲಾಗೂದಿಲ್ರಿ’ ಎಂದರೆ ನನಗೆ ಆ ಗಳಿಗೆಯಿಂದಲೇ ಸಂಶಯ. ಇದು ಹುಟ್ಟುಗುಣ. ಮನೆಗೆ ಎರಡು ಬೀಗ ಹಾಕಿ, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಜಗ್ಗಿ ನೋಡುವ ಜಾತಿ ನನ್ನದು. ‘ಒಂದ ಸಾಕಾಗೂದಿಲ್ಲೇನ್ರಿ? ಒಳಗ ಏನ್ ಬಂಗಾರದ ಗಣಿ ಐತೇನು?’ ಎಂದು ಹೆಂಡತಿ ಶಾಂತಾ ಮದುವೆಯಾದಂದಿನಿಂದ ಕೇಳುತ್ತಿದ್ದಾಳೆ.

ಯರಗಟ್ಟಿಯ ಕಾಲೇಜೊಂದರಲ್ಲಿ ನಾನು ಗುಮಾಸ್ತ. ಕಂಪ್ಯೂಟರ್ ಬಂದ ಹೊಸದರಲ್ಲಿ ಹಟ ಹಿಡಿದು ಕಲಿತು, ಹಾಲ್ ಟಿಕೆಟ್ ಮುದ್ರಿಸಲು ಸ್ಕ್ರಿಪ್ಟೊಂದನ್ನು, ಅಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಸಾಲನ್ನು, ನಾನೇ ಬರೆದಿದ್ದೆ. ನಮ್ಮ ಮಕ್ಕಳಿಗೆ ಪರೀಕ್ಷಾ ಕೇಂದ್ರಗಳು ಎರಡು. ವಿದ್ಯಾರ್ಥಿಗಳ ಪಟ್ಟಿಯಲ್ಲಿ ಹೆಸರಿನ ಮುಂದೆ ಸವದತ್ತಿ ಎಂದಿದ್ದರೆ ಸವದತ್ತಿ, ಇಲ್ಲದಿದ್ದರೆ ರಾಮದುರ್ಗ ಎಂದು ಅದು ಮುದ್ರಿಸುತ್ತಿತ್ತು. ಆರು ವರ್ಷ ತಕರಾರಿಲ್ಲದೆ ನಡೆಯಿತು. ಅಷ್ಟರಲ್ಲಿ ಬೆಳಗಾವಿಯಿಂದ ಕಂಪ್ಯೂಟರ್ ನೋಡಿಕೊಳ್ಳುವ ಶಿವಾನಂದ ಬಂದು ಶೆಲ್ ಬದಲಿಸಿದ. ನಾವು ಟೈಪ್ ಮಾಡಿದ ಆಜ್ಞೆಯನ್ನು ಓದಿ ಕಂಪ್ಯೂಟರಿನಿಂದ ಕೆಲಸ ತೆಗೆಯುವ ಮಧ್ಯಸ್ಥನಿಗೆ ಶೆಲ್ ಎನ್ನುತ್ತಾರೆ. ‘ಹಳೇದು ಭಾಳ ಸಾವಕಾಶ ಐತ್ರಿ ಸರ್. ಇದು ಚುರುಕು. ನಿಮ್ಮ ಸ್ಕ್ರಿಪ್ಟ್ ಹಂಗ ನಡೀತಾವು, ಏನೂ ಬದಲಾಗೂದಿಲ್ಲ’ ಎಂದ. ಎರಡು ಸಲ ಚಹಾ ಕುಡಿಸಿದರೂ ಅವನ ಬಾಯಿಂದ ಬೇರೆ ಮಾತು ಹೊರಡಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಹಾಲ್ ಟಿಕೆಟ್ ಹಂಚಿದೆ. ಸವದತ್ತಿಯ ಹುಡುಗಿಯೊಬ್ಬಳು ತಿರುಗಿ ಬಂದಳು. ‘ಸರ್, ನನಗ್ಯಾಕ ರಾಮದುರ್ಗ ಹಾಕೀರಿ?’ ನೋಡಿದರೆ ಎಲ್ಲರಿಗೂ ರಾಮದುರ್ಗವೇ. ಮಕ್ಕಳು ಬೆಳಿಗ್ಗೆ ತಪ್ಪು ಬಸ್ಸು ಹತ್ತಿದರೆ ಒಂದು ವರ್ಷ ಹೋದಂತೆಯೇ. ಆದರೂ ಸುಳ್ಳೇಕೆ ಹೇಳಲಿ, ನನ್ನ ಸಂಶಯ ಖರೆಯಾಯಿತಲ್ಲ ಎಂದು ಒಳಗೊಳಗೇ ಖುಷಿಯೂ ಆಯಿತು. ಶಿವಾನಂದನಿಗೆ ಫೋನ್ ಮಾಡಿ, ‘ಏನೂ ಬದಲಾಗೂದಿಲ್ಲ ಅಂದಿದ್ದೆಲ್ಲೋ ತಮ್ಮಾ, ಸವದತ್ತೀನ ನಕಾಶದಾಗಿಂದ ತಗದುಬಿಟ್ಟಿ’ ಎಂದು ಝಾಡಿಸಿದೆ.

ಸಿಕ್ಕ ಬಸ್ಸಿಗೆ ಓಡಿ ಬಂದ ಅವನು ಸ್ಕ್ರಿಪ್ಟ್ ತೆರೆದು ನೋಡಿದ. ‘ಎರಡು ಹೆಸರು ಒಂದ ಅದಾವೇನಂತ ಕೇಳಾಕ ಒಂದ ಸಮ ಚಿಹ್ನೆ ಹಾಕಬೇಕ್ರಿ. ಇಲ್ಲಿ ಎರಡು ಹಾಕ್ಯಾರ. ಹಳೇ ಶೆಲ್ ದೊಡ್ಡ ಮನಸ್ಸು ಮಾಡಿ ನಡಸ್ಕೊಂಡು ಹೋಗತಿತ್ತು, ಹೊಸಾದು ನೇಮ ಬಿಡೂದಿಲ್ಲ. ಬರದವ್ರು ಯಾರ್ರಿ?’

ನೆನಪಾಯಿತು. ಆಗ ಒಂದೇ ಹಾಕಿದ್ದೆ. ಆಮೇಲೆ ನಂಬಿಕೆ ಸಾಲದೆ, ಇರಲಿ ಎಂದು ಇನ್ನೊಂದನ್ನು ಒತ್ತಿದ್ದೆ. ‘ಹಿಂದಿನ ಗುಮಾಸ್ತ. ರಿಟೈರ್ ಆದ’ ಎಂದೆ. ಅವನು ಪರದೆಯತ್ತ ಬೆರಳು ತೋರಿಸಿದ. ಯಾರಾದರೂ ಕದ್ದಾರೆಂದು ಮೊದಲ ಸಾಲಿನಲ್ಲೂ ಕೊನೆಯ ಸಾಲಿನಲ್ಲೂ ನನ್ನ ಹೆಸರನ್ನು ನಾನೇ ಬರೆದಿಟ್ಟಿದ್ದೆ.

ಒಂದು ಚಿಹ್ನೆ ಅಳಿಸಿದ ಮೇಲೆ ಸಂಜೆಯೊಳಗೆ ಎಲ್ಲರಿಗೂ ಸರಿಯಾದ ಟಿಕೆಟ್ ಸಿಕ್ಕಿತು. ಮರುದಿನ ಬುದ್ಧಿ ಕಲಿತವನಂತೆ ಮನೆಗೆ ಒಂದೇ ಬೀಗ ಹಾಕಿ, ಮಕ್ಕಳು ಸರಿಯಾದ ಬಸ್ಸು ಹತ್ತುವುದನ್ನು ನೋಡಲು ನಿಲ್ದಾಣಕ್ಕೆ ಹೋದೆ. ಸಂತೆಗೆಂದು ನನ್ನ ಜೊತೆಗೇ ಮನೆಯಿಂದ ಹೊರಬಿದ್ದಿದ್ದ ಶಾಂತಾ ಹಿಂದಿನಿಂದ ಬಂದು, ‘ಎರಡನೇ ಬೀಗ ಮರತಿದ್ರಿ, ನಾನ ಹಾಕಿ ಬಂದೇನಿ’ ಎಂದಳು. ಹಳೇ ಶೆಲ್ಲಿನಂತೆ ಇಷ್ಟು ವರ್ಷ ನನ್ನನ್ನು ನಡೆಸಿಕೊಂಡು ಬಂದವಳು.

‘ಜಗ್ಗಿ ನೋಡಿದ್ಯೇನು?’ ಎಂದು ಕೇಳಿದೆ.